ಎಂಬತ್ತಕ್ಕೆ ಐವತ್ತೆರಡು

ಎಂ.ಡಿ. ಪರೀಕ್ಷೆಯ ದಿನ ಪ್ರಶ್ನೆ ಕೇಳುವ ಅಧಿಕಾರ ನನಗಿಲ್ಲ. ಪರೀಕ್ಷಕನಾಗಲು ಬೇಕಾದ ಸರ್ವೀಸು ಇನ್ನೂ ಆಗಿಲ್ಲ. ಮೆಡಿಸಿನ್ ವಿಭಾಗದ ಕಿರಿಯ ಅಧ್ಯಾಪಕನಾದ ನನ್ನ ಪಾಲಿಗೆ ಬಂದದ್ದು ‘ಅರೇಂಜ್‌ಮೆಂಟು’. ಕೇಸ್ ಹುಡುಕುವುದು, ಹಾಸಿಗೆ ಹೊಂದಿಸುವುದು, ನಾಲ್ಕು ಮೇಜಿಗೆ ಬಿಳಿ ಬಟ್ಟೆ ಹಾಸಿಸುವುದು, ಎಕ್ಸ್‌ರೇ ನೋಡುವ ಪೆಟ್ಟಿಗೆಯ ಟ್ಯೂಬು ಉರಿಯುತ್ತದೆಯೇ ನೋಡುವುದು, ಎಕ್ಸ್‌ಟರ್ನಲ್‌ಗಳನ್ನು ಸ್ಟೇಷನ್ನಿನಿಂದ ಕರೆತರುವುದು. ಮದುವೆ ಮನೆಯಲ್ಲಿ ಹೆಣ್ಣಿನ ಸೋದರಮಾವನಂತೆ ಇಡೀ ದಿನ ಅಲ್ಲೇ ಇರುತ್ತೇನೆ, ಯಾರೂ ನನ್ನ ಅಭಿಪ್ರಾಯ ಕೇಳುವುದಿಲ್ಲ. ಕಿಸೆಯಲ್ಲೊಂದು ಪುಟ್ಟ ಪುಸ್ತಕ ಇಟ್ಟುಕೊಂಡು ಅರ್ಥವಾಗದ್ದನ್ನೆಲ್ಲ ಅದರಲ್ಲಿ ಗೀಚಿಕೊಂಡೆ. ಅವೇ ಇವು.

*

ಮೊದಲು ಲೆಕ್ಕ. ನಾನು ಪಿಜಿ ಓದುವಾಗ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ನಿಯಮಪುಸ್ತಕದಲ್ಲಿದ್ದದ್ದು ಹೀಗೆ: ನಾಲ್ಕು ಥಿಯರಿ ಪೇಪರಿಗೆ 400 ಅಂಕ, ಕ್ಲಿನಿಕಲ್‌ಗೆ 200, ವೈವಾಗೆ 100. ಆ ನೂರರಲ್ಲಿ 80 ಮೇಜಿನ ಪ್ರಶ್ನೋತ್ತರಕ್ಕೆ. ಉಳಿದ 20 ‘ಪೆಡಗಾಜಿ’ಗೆ, ಅಂದರೆ ನಾಲ್ಕು ಜನರೆದುರು ನಿಂತು ಸಣ್ಣದೊಂದು ಪಾಠ ಮಾಡಿ ತೋರಿಸುವುದಕ್ಕೆ. ಥಿಯರಿಯಲ್ಲಿ ಅರ್ಧ ಬರಬೇಕು, ಪ್ರಾಕ್ಟಿಕಲ್‌ನಲ್ಲೂ ಅರ್ಧ ಬರಬೇಕು, ಒಂದರ ಕೊರತೆಯನ್ನು ಇನ್ನೊಂದರಲ್ಲಿ ತುಂಬುವಂತಿಲ್ಲ. ಪರೀಕ್ಷಕರು ನಾಲ್ವರು. ಇಬ್ಬರು ಇಂಟರ್ನಲ್, ಇಬ್ಬರು ಹೊರರಾಜ್ಯದಿಂದ ಬಂದ ಎಕ್ಸ್‌ಟರ್ನಲ್.

ಈ ಏರ್ಪಾಡಿನೊಳಗೆ ಉತ್ತರ ಪತ್ರಿಕೆಗೆ ಸಿಗುವ ಮರ್ಯಾದೆ ನೋಡಬೇಕು. ಅದನ್ನು ಸ್ಕ್ಯಾನ್ ಮಾಡುತ್ತಾರೆ, ಹೆಸರು ಮರೆಮಾಡುತ್ತಾರೆ, ಒಬ್ಬರಿಗಿಂತ ಹೆಚ್ಚು ಮಂದಿ ಮೌಲ್ಯಮಾಪಕರು ಬೇರೆ ಬೇರೆ ಕೂತು ಕಂಪ್ಯೂಟರ್ ಪರದೆಯ ಮೇಲೆ ಓದುತ್ತಾರೆ. ನಾಳೆ ಯಾರಾದರೂ ಕೋರ್ಟಿಗೆ ಹೋದರೆ ತೋರಿಸಲು ಕಾಗದವಾದರೂ ಇರುತ್ತದೆ. ವೈವಾದಲ್ಲಿ ಆಡಿದ ಮಾತಿಗೆ ಇಂಥ ಯಾವ ಗುರುತೂ ಇಲ್ಲ. ಕೊನೆಗೆ ಉಳಿಯುವುದು ಒಂದು ಸಂಖ್ಯೆ, ಅದರಡಿ ನಾಲ್ಕು ಸಹಿ.

*

‘ಒಳ್ಳೆ ಕೇಸ್’ ಅಂದರೆ ಏನು? ಕಾಯಿಲೆ ಕಣ್ಣಿಗೆ, ಕೈಗೆ, ಕಿವಿಗೆ ಸಿಗುವಷ್ಟು ಇರಬೇಕು. ಆದರೆ ರೋಗಿ ಆರು ಜನ ಮುಟ್ಟಿ ಬಡಿದು ನೋಡಿದರೂ ತಾಳಿಕೊಳ್ಳುವಷ್ಟು ಗಟ್ಟಿಯಾಗಿರಬೇಕು. ಇಂಥವರ ಫೋನ್ ನಂಬರ್ ಪಿಜಿಗಳ ಹತ್ತಿರ ಬ್ಯಾಚಿನಿಂದ ಬ್ಯಾಚಿಗೆ ಇಳಿದು ಬರುತ್ತದೆ. ಹೆಸರು ಯಾರಿಗೂ ನೆನಪಿರುವುದಿಲ್ಲ. ‘ಸ್ಪ್ಲೀನ್, ಸಂತೆ ಹಿಂದಿನ ಮನೆ’, ‘ಮೈಟ್ರಲ್, ಡಿಪೋ ಡ್ರೈವರ್ ಹೆಂಡತಿ’ ಅಂತ ಸೇವ್ ಮಾಡಿಕೊಂಡಿರುತ್ತಾರೆ. ಬಸ್ ಚಾರ್ಜು, ಊಟ, ಒಂದಿಷ್ಟು ದುಡ್ಡು, ಜೊತೆಗೆ ಒಂದು ಎಕೋ ಪುಕ್ಕಟೆ. ಬರುತ್ತಾರೆ ಪಾಪ.

ಬರುತ್ತಾ ಬರುತ್ತಾ ಪಳಗಿರುತ್ತಾರೆ ಕೂಡ. ಮೈಟ್ರಲ್ ಸ್ಟೆನೋಸಿಸ್‌ನ ಮರ್ಮರ್ ಚೆನ್ನಾಗಿ ಕೇಳಬೇಕಾದರೆ ರೋಗಿ ಎಡ ಮಗ್ಗುಲಿಗೆ ತಿರುಗಿ ಉಸಿರು ಹೊರಬಿಟ್ಟು ಹಿಡಿದಿರಬೇಕು. ನಮ್ಮ ಡ್ರೈವರ್ ಹೆಂಡತಿ, ಹುಡುಗ ಸ್ಟೆತಸ್ಕೋಪ್ ಎದೆಗಿಡುವ ಮೊದಲೇ ಎಡಕ್ಕೆ ಹೊರಳಿ ಉಸಿರು ಬಿಟ್ಟು ತಯಾರಾದರು. ಹುಡುಗನಿಗೆ ಅಷ್ಟರಲ್ಲೇ ಡಯಾಗ್ನೋಸಿಸ್ ಗೊತ್ತಾಗಿರಬೇಕು. ಆ ಅಂಕ ಯಾರಿಗೆ ಸೇರಬೇಕು ಎಂದು ಪುಸ್ತಕದಲ್ಲಿ ಬರೆದು ಕೆಳಗೆ ಗೆರೆ ಎಳೆದಿದ್ದೇನೆ.

*

ಕೇಸ್‌ಗಳು ಸಿಗುತ್ತಿಲ್ಲ ಎಂಬುದು ಪ್ರತಿ ಎಕ್ಸಾಂನ ಗೋಳು. ಯಾಕೆ ಸಿಗುತ್ತಿಲ್ಲ ಎಂದರೆ ಸಂತೋಷದ ಸುದ್ದಿ. ಮೈಟ್ರಲ್ ಕವಾಟ ಕಿರಿದಾದವರು ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಗೆ ಹೋಗಿ ಬಲೂನ್ ಹಾಕಿಸಿಕೊಂಡು ಬಂದುಬಿಡುತ್ತಾರೆ, ಮರ್ಮರ್ ಮಂಕಾಗುತ್ತದೆ. ದೀರ್ಘಕಾಲದ ಮೈಲಾಯ್ಡ್ ಲ್ಯೂಕೇಮಿಯಾದಲ್ಲಿ ಹೊಕ್ಕುಳು ದಾಟಿ ಬೆಳೆಯುತ್ತಿದ್ದ ಗುಲ್ಮ ಪರೀಕ್ಷೆಯ ರಾಜನಾಗಿತ್ತು. 2001ರಲ್ಲಿ ಇಮಾಟಿನಿಬ್ ಮಾತ್ರೆ ಬಂದ ಮೇಲೆ, ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಂಥ ಕಡೆ ತಪ್ಪದೆ ಚಿಕಿತ್ಸೆ ಪಡೆಯುವವರಲ್ಲಿ ಅದು ಪಕ್ಕೆಲುಬಿನ ಹಿಂದಕ್ಕೆ ಸರಿದು ಕೈಗೇ ಸಿಗುವುದಿಲ್ಲ. ನಮ್ಮ ಎಚ್‌ಓಡಿ ಇದನ್ನು ಹೇಳುವಾಗ ಅವರ ದನಿಯಲ್ಲಿ ಬೇಸರವಿತ್ತು. ತಕ್ಷಣ ಅವರಿಗೇ ನಗು ಬಂತು.

ಅದೇ ಹೊತ್ತಿಗೆ ಕೆಳಗಿನ ಎಮರ್ಜೆನ್ಸಿಯಲ್ಲಿ ಏನಿತ್ತು? ಪ್ಲೇಟ್‌ಲೆಟ್ ಕುಸಿದ ಡೆಂಗಿ, ಕೀಟನಾಶಕ ಕುಡಿದವನು, ಕುಡಿತ ಬಿಟ್ಟು ಮೂರನೇ ದಿನಕ್ಕೆ ಕೈ ನಡುಗಿ ಬಡಬಡಿಸುತ್ತಿದ್ದವನು, ಸೆಪ್ಸಿಸ್‌ನ ಅಜ್ಜಿ. ನಾಳೆಯಿಂದ ಈ ಹುಡುಗರು ನೋಡಬೇಕಾದದ್ದು ಇವರನ್ನು. ಇವರಲ್ಲಿ ಒಬ್ಬರನ್ನೂ ಪರೀಕ್ಷೆಗೆ ಇಡಲಾಗದು. ಮಲಗಿ ಕಾಯಲು ಇವರಿಗೆ ಪುರುಸೊತ್ತಿಲ್ಲ.

*

ಲಾಂಗ್ ಕೇಸಿನ ನಿಯಮ ಈಗಲೂ ವಿಚಿತ್ರವೇ. ಚೀಟಿ ಎತ್ತಿ ಬಂದ ಅಭ್ಯರ್ಥಿಯನ್ನು ರೋಗಿಯ ಜೊತೆ ಬಿಟ್ಟು ಎಲ್ಲರೂ ಆಚೆ ಹೋಗುತ್ತಾರೆ. ಅವನು ಮಾತಾಡಿಸಿ, ಮುಟ್ಟಿ, ತಟ್ಟಿ, ಕೇಳಿ ಎಲ್ಲ ಬರೆದಿಟ್ಟುಕೊಂಡ ಮೇಲೆ ಪರೀಕ್ಷಕರು ಬಂದು ಅವನು ಹೇಳುವುದನ್ನು ಕೇಳುತ್ತಾರೆ. ವೈದ್ಯ ರೋಗಿಯೊಡನೆ ಹೇಗೆ ನಡೆದುಕೊಂಡ ಎಂಬುದನ್ನು ನೋಡಿದವರು ಪರೀಕ್ಷಕರಲ್ಲ. ಪರದೆಯ ಪಕ್ಕ ನಿಂತ ವಾರ್ಡ್ ಆಯಾ ಮತ್ತು ನಾನು.

ಅವತ್ತಿನ ಅಭ್ಯರ್ಥಿ ರಾಜಸ್ಥಾನದ ಹುಡುಗಿ. ಮೂರು ವರ್ಷದಲ್ಲಿ ಕಲಿತ ಆಸ್ಪತ್ರೆ ಕನ್ನಡ ಚುರುಕಾಗಿತ್ತು: ಎಷ್ಟು ದಿನದಿಂದ, ಮೆಟ್ಟಿಲು ಹತ್ತಿದರೆ ದಮ್ಮು ಬರುತ್ತಾ, ಕಾಲು ಊತ ಇದೆಯಾ. ರೋಗಿ, ಅರವತ್ತರ ಹೆಂಗಸು, ನಡುವೆ ಒಂದು ಮಾತು ಹೇಳಿದರು. ಯಜಮಾನರು ತೀರಿಕೊಂಡ ಮೇಲೆ ಮಾತ್ರೆ ತಂದುಕೊಡುವವರು ಇಲ್ಲ, ದೀಪಾವಳಿಯಿಂದ ನುಂಗಿಲ್ಲ ಅಂತ. ಹುಡುಗಿ ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋದಳು. ಆಮೇಲೆ ಪರೀಕ್ಷಕರ ಮುಂದೆ ಇಂಗ್ಲಿಷಿನಲ್ಲಿ ಬಹಳ ಅಚ್ಚುಕಟ್ಟಾಗಿ ಒಪ್ಪಿಸಿದಳು: ‘ಚಿಕಿತ್ಸೆಯನ್ನು ನಿಯಮಿತವಾಗಿ ತೆಗೆದುಕೊಳ್ಳುತ್ತಿದ್ದಾರೆ’. ಎಕ್ಸ್‌ಟರ್ನಲ್‌ಗೆ ಕನ್ನಡ ಬಾರದು. ಇಂಟರ್ನಲ್ ಫೋನಿನಲ್ಲಿದ್ದರು. ಮರ್ಮರ್ ಸರಿ, ಲಿವರ್ ಎಷ್ಟು ಬೆರಳು ಸರಿ, ಕವಾಟದ ಚರ್ಚೆ ಪುಸ್ತಕ ಬಿಡಿಸಿಟ್ಟ ಹಾಗೆ. ಒಳ್ಳೆಯ ಅಂಕ ಬಂತು. ಆ ಹೆಂಗಸಿನ ಹೃದಯ ಈ ವಾರ ಯಾಕೆ ಸೋತಿತು ಎಂಬ ಪ್ರಶ್ನೆಗೆ ಉತ್ತರ ಮಾತ್ರ ಆ ಕೋಣೆಯಲ್ಲಿ ಉಚ್ಚಾರವಾಗಲೇ ಇಲ್ಲ.

ಭಾಷೆ ಬಂದಿದ್ದರೂ ಇದು ತಪ್ಪುತ್ತಿತ್ತೇ ಎಂದು ಕೇಳಿಕೊಂಡೆ. ಮಧ್ಯಾಹ್ನದ ಅಭ್ಯರ್ಥಿ ಅಚ್ಚ ಕನ್ನಡದವನು. ರೋಗಿಯ ಮಾತಿಗೆ ಅವನು ಕಾಯಲೇ ಇಲ್ಲ.

*

‘ಗೊತ್ತಿಲ್ಲ ಸರ್.’

ವೈವಾ ಮೇಜಿನಲ್ಲಿ ಇದಕ್ಕೆ ಎಷ್ಟು ಬೆಲೆ? ಮೊದಲ ಮೇಜಿನವರು ಇದನ್ನು ಕೇಳಿದ ಕೂಡಲೇ ಪ್ರಶ್ನೆಯನ್ನು ಇಳಿಸುತ್ತಾ ಹೋಗುತ್ತಾರೆ, ಎಲ್ಲಾದರೂ ನೆಲ ಸಿಗುತ್ತದೆಯೇ ಎಂದು. ಎರಡನೆಯವರು ಅಲ್ಲೇ ನಿಲ್ಲಿಸಿ ಕಿಟಕಿಯಾಚೆ ನೋಡುತ್ತಾರೆ. ಆ ಮೌನದಲ್ಲಿ ಅಭ್ಯರ್ಥಿ ಏನಾದರೂ ಹೇಳಲೇಬೇಕೆನಿಸಿ ತಪ್ಪು ಹೇಳುತ್ತಾನೆ. ಮೂರನೆಯವರು ಉತ್ತರವನ್ನು ತಾವೇ ಹೇಳಿ, ಅದರ ಮೇಲೆ ತಮ್ಮ ಅನುಭವದ ಒಂದು ಕಥೆ ಹೇಳಿ, ಗಂಟೆ ಹೊಡೆದಾಗ ‘ವೆರಿ ಗುಡ್’ ಅಂದರು. ಅಭ್ಯರ್ಥಿ ಎರಡು ವಾಕ್ಯ ಆಡಿರಲಿಲ್ಲ. ನಾಲ್ಕನೆಯವರು ಸಾಯಂಕಾಲ ಕಾಫಿ ಕುಡಿಯುತ್ತಾ ಹೇಳಿದ್ದು: ‘ಗೊತ್ತಿಲ್ಲ ಅಂದವನನ್ನು ನಾನು ಫೇಲ್ ಮಾಡಲ್ಲ. ಗೊತ್ತಿಲ್ಲದ್ದನ್ನು ಗೊತ್ತು ಅಂದವನಿಂದ ರೋಗಿ ಸಾಯ್ತಾನೆ.’

ಆ ದಿನ ಅತಿ ಹೆಚ್ಚು ‘ಗೊತ್ತಿಲ್ಲ’ ಹೇಳಿದ ಹುಡುಗನಿಗೆ 80ಕ್ಕೆ 52 ಬಂತು. ಆ ಐವತ್ತೆರಡರಲ್ಲಿ ಯಾವ ಮೇಜಿನ ಪಾಲೆಷ್ಟು, ಯಾವುದು ಅಜ್ಞಾನಕ್ಕೆ ಕಳೆದದ್ದು, ಯಾವುದು ಪ್ರಾಮಾಣಿಕತೆಗೆ ಕೊಟ್ಟದ್ದು, ಕೊಟ್ಟವರಿಗೂ ಹೇಳಲಾಗಲಿಕ್ಕಿಲ್ಲ.

*

ನನ್ನ ಗೊಂದಲ ಹೊಸದೇನಲ್ಲ ಎಂದು ಓದಿದಾಗ ತಿಳಿಯಿತು. 1935ರಲ್ಲಿ ಫಿಲಿಪ್ ಹಾರ್ಟಾಗ್ ಮತ್ತು ಇ. ಸಿ. ರೋಡ್ಸ್ ಎಂಬಿಬ್ಬರು ಬ್ರಿಟನ್ನಿನಲ್ಲಿ ಪರೀಕ್ಷೆಗಳನ್ನೇ ಪರೀಕ್ಷೆ ಮಾಡಿದರು. ಈ ಹಾರ್ಟಾಗ್ ಹಿಂದೆ ಢಾಕಾ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾಗಿದ್ದವರು, ನಮ್ಮ ಕಡೆಯ ಪರೀಕ್ಷಾ ಸಂಪ್ರದಾಯವೂ ಅವರಿಗೆ ಗೊತ್ತಿತ್ತು. ಹದಿನಾರು ಅಭ್ಯರ್ಥಿಗಳನ್ನು ಎರಡು ಬೇರೆ ಬೇರೆ ಮಂಡಳಿಗಳ ಮುಂದೆ ಮೌಖಿಕ ಪರೀಕ್ಷೆಗೆ ಕೂರಿಸಿದರು. ಒಂದು ಮಂಡಳಿ ಮೊದಲ ಸ್ಥಾನ ಕೊಟ್ಟವನಿಗೆ ಇನ್ನೊಂದು ಮಂಡಳಿ ಹದಿಮೂರನೇ ಸ್ಥಾನ ಕೊಟ್ಟಿತು. ಈ ಇನ್ನೊಂದರ ಮೊದಲಿಗ ಆ ಮೊದಲ ಮಂಡಳಿಯಲ್ಲಿ ಹನ್ನೊಂದನೆಯವ.

1960ರ ದಶಕದಲ್ಲಿ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಪರೀಕ್ಷಾ ಮಂಡಳಿ ರೋಗಿಯ ಹಾಸಿಗೆಯ ಪಕ್ಕ ನಡೆಯುತ್ತಿದ್ದ ಸುಮಾರು 10,000 ಮೌಖಿಕ ಪರೀಕ್ಷೆಗಳ ಅಂಕ ತೆಗೆದು ನೋಡಿತು. ಒಬ್ಬನೇ ಅಭ್ಯರ್ಥಿಗೆ ಇಬ್ಬರು ಪರೀಕ್ಷಕರು ಬೇರೆ ಬೇರೆಯಾಗಿ ಕೊಟ್ಟ ಅಂಕಗಳ ಸಹಸಂಬಂಧ 0.25ಕ್ಕಿಂತ ಕಡಿಮೆ. ಪೂರ್ತಿ ಒಪ್ಪಿದರೆ ಅದು 1, ಕಣ್ಣುಮುಚ್ಚಿ ಕೊಟ್ಟರೆ ಸೊನ್ನೆ. ಮಂಡಳಿ ಆ ಪರೀಕ್ಷೆಯನ್ನು ನಿಲ್ಲಿಸಿತು. ಇಂಟರ್ನಲ್ ಮೆಡಿಸಿನ್ ತಜ್ಞರ ಮಂಡಳಿ 1972ರಲ್ಲಿ ತನ್ನ ಮೌಖಿಕವನ್ನೂ ಬಿಟ್ಟಿತು.

ಅದೇ ದೇಶದ ಸರ್ಜರಿ ಮಂಡಳಿ ಬಿಡಲಿಲ್ಲ. ಅರ್ಧರ್ಧ ಗಂಟೆಯ ಮೂರು ಸುತ್ತು, ಪ್ರತಿ ಸುತ್ತಿಗೂ ಇಬ್ಬರು ಹೊಸ ಪರೀಕ್ಷಕರು, ಎಲ್ಲ ಬರೆದಿಟ್ಟ ಸಂದರ್ಭಗಳ ಮೇಲೆ. ಒಂದೇ ದೇಶ, ಒಂದೇ ಬಗೆಯ ಪುರಾವೆ. ಫಿಸಿಷಿಯನ್ನರು ಬಿಟ್ಟರು, ಸರ್ಜನ್ನರು ಇಟ್ಟುಕೊಂಡರು. ಸರ್ಜನ್ನರಿಗೆ ಮಾತಿನ ಮೇಲೆ ಅಷ್ಟು ನಂಬಿಕೆ ಇದ್ದೀತೆಂದು ನಾನು ಎಣಿಸಿರಲಿಲ್ಲ.

*

ಬೆಳಗಿನ ಮೊದಲ ಅಭ್ಯರ್ಥಿ ಅಸಾಧ್ಯ ಬುದ್ಧಿವಂತೆ. ಅವಳ ಹಿಂದೆ ಬಂದವನು ಸಾಧಾರಣ. ಆದರೆ ಪರೀಕ್ಷಕರ ಮುಖ ನೋಡಿದರೆ ಅವನು ದಡ್ಡನೇ ಅನ್ನಿಸಬೇಕು. ಮಧ್ಯಾಹ್ನ ಒಬ್ಬ ತೀರಾ ತೊದಲಿದ; ಅವನ ಹಿಂದಿನವನು, ನನ್ನ ಅಂದಾಜಿನಲ್ಲಿ ಬೆಳಗಿನವನಷ್ಟೇ ಸಾಧಾರಣ, ಮೇಜಿನಿಂದ ಎದ್ದಾಗ ‘ಗುಡ್, ಗುಡ್’ ಕೇಳಿಸಿತು. 2012ರಲ್ಲಿ ಪೀಟರ್ ಯೇಟ್ಸ್ ಮತ್ತು ಸಂಗಡಿಗರು ಇದನ್ನೇ ವಿಡಿಯೋ ಇಟ್ಟು ತೋರಿಸಿದರು. ಕೆಟ್ಟ ಪ್ರದರ್ಶನಗಳನ್ನು ಮೊದಲು ನೋಡಿದ ವೈದ್ಯರು, ಒಳ್ಳೆಯವನ್ನು ನೋಡಿದವರಿಗಿಂತ, ಆಮೇಲೆ ಬಂದ ಅದೇ ಮಧ್ಯಮ ಪ್ರದರ್ಶನಗಳಿಗೆ ಹೆಚ್ಚು ಅಂಕ ಕೊಟ್ಟರು.

ಪಿಜಿಗಳಿಗೆ ಇದು ಯಾವ ಪ್ರಬಂಧವನ್ನೂ ಓದದೆ ಗೊತ್ತು. ರಿಜಿಸ್ಟರ್ ನಂಬರು ಬಂದ ದಿನವೇ, ‘ನನ್ನ ಮುಂದೆ ಯಾರು?’

*

ಊಟ. ಇದರ ಬಗ್ಗೆ ಕಡಿಮೆ ಬರೆಯುವುದು ಕ್ಷೇಮ. ಎಕ್ಸ್‌ಟರ್ನಲ್‌ಗೆ ಮೀನು ಇಷ್ಟವೇ, ಬೆಳ್ಳುಳ್ಳಿ ಆಗುತ್ತದೆಯೇ ಎಂಬ ಮಾಹಿತಿ ಅವರು ಹಿಂದೆ ಹೋಗಿದ್ದ ಕಾಲೇಜಿನ ಪಿಜಿಗಳಿಂದ ವಾಟ್ಸ್ಯಾಪಿನಲ್ಲಿ ಬರುತ್ತದೆ. ಅದೇ ಸಂದೇಶದಲ್ಲಿ ಅವರ ಇಷ್ಟದ ಪ್ರಶ್ನೆಗಳೂ ಬರುತ್ತವೆ. ಬಿಲ್ಲು ಯಾರು ಕೊಡುತ್ತಾರೆ ಎಂದು ಯಾರೂ ಕೇಳುವುದಿಲ್ಲ, ಎಲ್ಲರಿಗೂ ಗೊತ್ತಿರುವುದರಿಂದ.

ಇಂದು ಎಕ್ಸ್‌ಟರ್ನಲ್ ಆಗಿ ಬಂದವರ ಕಾಲೇಜಿಗೆ ನಾಳೆ ನಮ್ಮವರು ಹೋಗುತ್ತಾರೆ. ಯಾರೂ ಯಾರಿಗೂ ಏನನ್ನೂ ಹೇಳಬೇಕಾಗಿಲ್ಲ.

ಎಂ.ಡಿ.ಗೆ ಸಮಾನವಾದ, ನಮ್ಮ ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಡಿಎನ್‌ಬಿಯಲ್ಲಿ ಅಭ್ಯರ್ಥಿ ತಾನು ಕಂಡರಿಯದ ಆಸ್ಪತ್ರೆಗೆ ಹೋಗಿ, ತನ್ನನ್ನು ಕಂಡರಿಯದವರ ಮುಂದೆ ನಿಲ್ಲಬೇಕು. ಎಂ.ಡಿ.ಯವನು ತನ್ನದೇ ವಾರ್ಡಿನಲ್ಲಿ, ಮೂರು ವರ್ಷ ಬೈದು ಕಲಿಸಿದ ಮೇಷ್ಟ್ರ ಮುಂದೆ. ಡಿಎನ್‌ಬಿ ನ್ಯಾಯ, ಎಂ.ಡಿ. ಪಕ್ಷಪಾತ ಎಂದು ಸುಲಭವಾಗಿ ಹೇಳಬಹುದಿತ್ತು. ಆದರೆ ಮೂರು ವರ್ಷ ನೋಡಿದವನಿಗೆ ಗೊತ್ತಿರುವುದು ಹದಿನೈದು ನಿಮಿಷ ನೋಡಿದವನಿಗೆ ಗೊತ್ತಾಗುವುದು ಹೇಗೆ? ನಮ್ಮ ಇಂಟರ್ನಲ್ ಒಬ್ಬರು ತೊದಲಿದ ಹುಡುಗನ ಪರವಾಗಿ ಎಕ್ಸ್‌ಟರ್ನಲ್‌ಗೆ ಹೇಳುತ್ತಿದ್ದರು: ‘ಸರ್, ರಾತ್ರಿ ಮೂರಕ್ಕೆ ಟ್ಯೂಬ್ ಹಾಕಬೇಕಾದರೆ ನಾನು ಇವನನ್ನೇ ಕರೀತೀನಿ.’ ಇದು ಶಿಫಾರಸೋ ಸಾಕ್ಷ್ಯವೋ? ಎರಡು ಸಲ ಓದಿಕೊಂಡೆ, ಇನ್ನೂ ತೀರ್ಮಾನಕ್ಕೆ ಬಂದಿಲ್ಲ.

*

ಸಂಜೆ ಐದೂವರೆ. ಪೆನ್ಸಿಲಿನಲ್ಲಿ ಅಂಕ ಬರೆಯುವ ಹೊತ್ತು. ನಾಲ್ವರೂ ಒಂದೇ ಮೇಜಿಗೆ ಬರುತ್ತಾರೆ. ಮೊದಲು ಹಿರಿಯರು ಒಂದು ಸಂಖ್ಯೆ ಹೇಳುತ್ತಾರೆ. ‘ಐವತ್ತೈದು?’ ಉಳಿದವರು ‘ಐವತ್ತೈದು ಓಕೆ, ಐವತ್ತಾರು ಮಾಡಿ.’ ನಾಲ್ಕು ಸ್ವತಂತ್ರ ತೀರ್ಪುಗಳ ಸರಾಸರಿ ಎಂದು ಹೊರಗಿನವರು ತಿಳಿದದ್ದು ಒಬ್ಬರ ತೀರ್ಪು ಮತ್ತು ಮೂವರ ಸೌಜನ್ಯ. ಅಂಕಗಳೆಲ್ಲ ಐವತ್ತರ ಆಸುಪಾಸಿನಲ್ಲೇ ಗುಂಪುಕಟ್ಟಿ ನಿಲ್ಲುತ್ತವೆ. ಇಷ್ಟೇ ಆದರೆ ಎಂಬತ್ತು ಮೆಟ್ಟಿಲು ಯಾಕೆ ಬೇಕಿತ್ತು? ‘ಪರವಾಗಿಲ್ಲ, ಅನುಮಾನ, ಬೇಡ’ ಎಂಬ ಮೂರು ಸಾಕಿತ್ತು.

ಒಬ್ಬ ಎಕ್ಸ್‌ಟರ್ನಲ್ ಮೇಡಂ ಮಾತ್ರ ಹೀಗೆ ಮಾಡಲಿಲ್ಲ. ಪ್ರತಿ ಅಭ್ಯರ್ಥಿ ಏಳುತ್ತಿದ್ದಂತೆ ತಮ್ಮ ಡೈರಿಯಲ್ಲಿ ಇಂಕಿನಲ್ಲಿ ಅಂಕ ಬರೆದು ಪುಟ ಮಡಚುತ್ತಿದ್ದರು. ಎಲ್ಲರಿಗೂ ಒಂದೇ ಕೇಸು: ನಲವತ್ತರ ಹೆಂಗಸು, ಜ್ವರ, ಬಿ.ಪಿ. ಇಳಿದಿದೆ. ಏನು ಮಾಡುತ್ತೀರಿ? ಅಭ್ಯರ್ಥಿ ಹೇಳಿದ್ದನ್ನು ಮಾಡಿದಂತೆ ಲೆಕ್ಕ. ‘ಮಾಡಿದಿರಿ. ಒಂದು ಗಂಟೆ ಆಯಿತು. ಮೂತ್ರ ಬಂದಿಲ್ಲ. ಈಗ?’ ಪುಸ್ತಕದ ಪಟ್ಟಿ ಮುಗಿದು ನಿರ್ಧಾರ ಶುರುವಾಗುವ ಜಾಗಕ್ಕೆ ಮೂರು ಪ್ರಶ್ನೆಯಲ್ಲಿ ತಲುಪುತ್ತಿದ್ದರು. ಬೆಳಗಿನ ಬುದ್ಧಿವಂತೆ ಅಲ್ಲಿ ತಡವರಿಸಿದಳು. ತೊದಲುವ ಹುಡುಗ, ತೊದಲುತ್ತಲೇ, ಒಂದಾದ ಮೇಲೊಂದು ಸರಿಯಾದ ಹೆಜ್ಜೆ ಇಟ್ಟ. ನಾಲ್ಕನೇ ಹೆಜ್ಜೆಗೆ ‘ಇಷ್ಟಾದ ಮೇಲೆ ನಾನು ಕನ್ಸಲ್ಟೆಂಟ್‌ಗೆ ಫೋನ್ ಮಾಡುತ್ತೇನೆ ಮೇಡಂ’ ಅಂದ. ಇದನ್ನು ಯಾವ ಥಿಯರಿ ಪೇಪರೂ ಹೊರತೆಗೆಯಲಾರದು. ವೈವಾ ಬೇಡ ಎನ್ನುವವರ ಸಾಲಿನಲ್ಲಿ ನಾನು ನಿಲ್ಲದಿರುವುದು ಈ ಮೇಜನ್ನು ನೋಡಿದ್ದಕ್ಕೆ.

ಐದೂವರೆಗೆ ಮೇಡಂ ಕೂಡ ‘ಐವತ್ತಾರು ಓಕೆ’ ಅಂದರು. ಮಡಚಿದ ಪುಟದಲ್ಲಿ ಏನಿತ್ತೋ.

*

ಬ್ರಿಟನ್ನಿನ ಎಂಆರ್‌ಸಿಪಿಯ ‘ಪೇಸಸ್’ ಪರೀಕ್ಷೆ 2001ರಿಂದ ನಡೆಯುತ್ತಿದೆ. ನಮ್ಮಿಂದಲೂ ಎಷ್ಟೋ ಮಂದಿ ಬರೆಯುತ್ತಾರೆ. ಐದು ಸ್ಟೇಷನ್ನು, ಪ್ರತಿಯೊಂದಕ್ಕೂ ಇಬ್ಬರು ಪರೀಕ್ಷಕರು. ನನಗೆ ಅದರಲ್ಲಿ ಬೆರಗು ತಂದದ್ದು ಎರಡು ಸಂಗತಿ. ಅಭ್ಯರ್ಥಿ ಬರುವ ಮೊದಲು ಪರೀಕ್ಷಕರೇ ರೋಗಿಯನ್ನು ಮುಟ್ಟಿ ನೋಡಿ, ಇಲ್ಲಿ ಏನು ಸಿಗುತ್ತದೆ, ಎಷ್ಟು ಹೇಳಿದರೆ ಪಾಸು ಎಂದು ತಮ್ಮಲ್ಲೇ ಒಪ್ಪಂದಕ್ಕೆ ಬರಬೇಕು. ಆಮೇಲೆ, ಇಬ್ಬರೂ ಮಾತಾಡಿಕೊಳ್ಳದೆ ಅಂಕ ಹಾಕಬೇಕು. ಅಂದರೆ ಮೊದಲು ಮಾತು, ನಂತರ ಮೌನ. ನಾವು ಇದನ್ನೇ ತಿರುಗಾಮುರುಗಾ ಮಾಡುತ್ತೇವೆ.

ಮೌನವಾಗಿ ಅಂಕ ಹಾಕಿದ್ದರಿಂದ ಅವರಿಗೆ ಲೆಕ್ಕ ಹಾಕಲು ಸಾಧ್ಯವಾಯಿತು. 2006ರಲ್ಲಿ ಮೆಕ್‌ಮ್ಯಾನಸ್ ಮತ್ತು ಸಂಗಡಿಗರು ಪೇಸಸ್ ಅಂಕಗಳನ್ನು ಬಿಡಿಸಿ ನೋಡಿದಾಗ, ಅಂಕಗಳಲ್ಲಿನ ವ್ಯವಸ್ಥಿತ ವ್ಯತ್ಯಾಸದಲ್ಲಿ 87 ಪ್ರತಿಶತ ಅಭ್ಯರ್ಥಿಗಳಿಂದಲೇ ಬಂದದ್ದು, 12 ಪ್ರತಿಶತ ಪರೀಕ್ಷಕರ ಬಿಗಿ–ಸಡಿಲದಿಂದ, 1 ಸ್ಟೇಷನ್ನುಗಳಿಂದ. ಬಿಗಿ ಪರೀಕ್ಷಕರನ್ನು ಅಲ್ಲಿ ಗಿಡುಗವೆಂದೂ ಸಡಿಲದವರನ್ನು ಪಾರಿವಾಳವೆಂದೂ ಕರೆಯುತ್ತಾರೆ. ನಮ್ಮಲ್ಲೂ ಯಾರು ಗಿಡುಗ ಎಂದು ಪ್ರತಿಯೊಬ್ಬ ಪಿಜಿಗೆ ಗೊತ್ತು. ವಿಶ್ವವಿದ್ಯಾಲಯಕ್ಕೆ ಗೊತ್ತಾಗುವ ದಾರಿಯಿಲ್ಲ. ಅದರ ಕೈಗೆ ಬರುವುದು ಪೆನ್ಸಿಲ್ ಅಳಿಸಿದ ಮೇಲಿನ ಸಂಖ್ಯೆ.

*

ಬ್ರಿಟನ್ನಿನಲ್ಲಿ ಜಿಪಿ, ಅಂದರೆ ಕುಟುಂಬ ವೈದ್ಯ, ಆಗಿರುವ ಸಹಪಾಠಿಯೊಬ್ಬ ಫೋನಿನಲ್ಲಿ ಹೇಳಿದ. ಅಲ್ಲಿ ಜಿಪಿ ಆಗುವವರಿಗೆ ಹತ್ತು ಹತ್ತು ನಿಮಿಷದ ಹದಿಮೂರು ಸಂದರ್ಶನಗಳ ಪರೀಕ್ಷೆ ಇತ್ತು. ರೋಗಿಗಳ ಪಾತ್ರಕ್ಕೆ ನಟರು. ಹೊರದೇಶದಲ್ಲಿ ಎಂಬಿಬಿಎಸ್ ಮಾಡಿದವರು, ಅಲ್ಲೇ ಓದಿದ ಬಿಳಿಯರಲ್ಲದವರು ಹೆಚ್ಚು ಪ್ರಮಾಣದಲ್ಲಿ ನಪಾಸಾಗುತ್ತಿದ್ದಾರೆ ಎಂದು ಅಲ್ಲಿನ ಭಾರತೀಯ ಮೂಲದ ವೈದ್ಯರ ಸಂಘ ಕೋರ್ಟಿಗೆ ಹೋಯಿತು. 2014ರ ಏಪ್ರಿಲ್‌ನಲ್ಲಿ ತೀರ್ಪು ಬಂತು. ಪರೀಕ್ಷೆ ಕಾನೂನುಬದ್ಧ ಎಂದು ನ್ಯಾಯಮೂರ್ತಿ ಮಿಟಿಂಗ್ ಹೇಳಿದರು. ಸಂಘಕ್ಕೆ ಕಾನೂನಿನ ಗೆಲುವು ಸಿಗದಿದ್ದರೂ ನೈತಿಕ ಯಶಸ್ಸು ಸಿಕ್ಕಿದೆ ಎಂಬರ್ಥದ ಮಾತನ್ನೂ ಸೇರಿಸಿದರು.

ಸಹಪಾಠಿಗೆ ಇನ್ನೂ ಸಿಟ್ಟು ಇಳಿದಿಲ್ಲ. ನನಗೆ ಮಾತ್ರ ಬೇರೆಯದೇ ಹೊಟ್ಟೆಕಿಚ್ಚು. ಯಾವ ಗುಂಪಿನವರು ಎಷ್ಟು ಮಂದಿ ಪಾಸಾದರು ಎಂಬ ಅಂಕಿಅಂಶವನ್ನು ಪರೀಕ್ಷೆ ನಡೆಸುವವರೇ ಪ್ರಕಟಿಸುತ್ತಿದ್ದರು. ಮೊಕದ್ದಮೆಗೆ ಕಾಲೂರಲು ನೆಲ ಸಿಕ್ಕಿದ್ದು ಅದರಿಂದ. ನಮ್ಮ ಕಡೆ ಕನ್ನಡ ಬಾರದ ಅಭ್ಯರ್ಥಿ ಕನ್ನಡ ಬರುವವನಿಗಿಂತ ಲಾಂಗ್ ಕೇಸಿನಲ್ಲಿ ಹಿಂದೆ ಬೀಳುತ್ತಾನೋ ಮುಂದೆ ಹೋಗುತ್ತಾನೋ? ಹೆಂಗಸರಿಗೆ, ಸರ್ಕಾರಿ ಸೇವೆಯಿಂದ ಬಂದವರಿಗೆ, ತೊದಲುವವರಿಗೆ ಏನಾಗುತ್ತಿದೆ? ಎಣಿಸದವನ ಮೇಲೆ ದಾವೆ ಹೂಡುವುದು ಹೇಗೆ?

*

ಎಕ್ಸಾಂ ಮುಗಿದ ವಾರ ಎಚ್‌ಓಡಿ ಹತ್ತಿರ ಹೋಗಿ, ನಾಲ್ವರೂ ಅರ್ಧ ಗಂಟೆ ಕೂತು ಈ ಸಲ ಏನು ಕೇಳಿದೆವು, ಯಾಕೆ ಅಷ್ಟಷ್ಟು ಅಂಕ ಕೊಟ್ಟೆವು ಎಂದು ಮಾತಾಡಿದರೆ ಹೇಗೆ ಎಂದೆ. ‘ಎಕ್ಸ್‌ಟರ್ನಲ್‌ಗಳು ರೈಲು ಹತ್ತಿಯಾಯ್ತು. ರಿಸಲ್ಟೂ ಕಳಿಸಿಯಾಯ್ತು. ಇನ್ನೇನು?’ ಅಂದರು. ಸ್ವಲ್ಪ ಹೊತ್ತು ಬಿಟ್ಟು, ‘ಮಾಕ್ ಎಕ್ಸಾಂನಲ್ಲಿ ಬೇಕಾದರೆ ಮಾಡು’ ಅಂದರು.

ಮುಂದಿನ ಬ್ಯಾಚಿನ ಮಾಕ್ ವೈವಾದಲ್ಲಿ ನಾಲ್ವರು ಅಧ್ಯಾಪಕರಿಗೆ ನಾಲ್ಕು ಖಾಲಿ ಹಾಳೆ ಕೊಟ್ಟೆ. ಎಲ್ಲರೂ ಎಲ್ಲ ಅಭ್ಯರ್ಥಿಗಳ ಮಾತನ್ನೂ ಕೇಳಬೇಕು, ಬರೆಯಬೇಕು, ಮುಗಿಯುವ ತನಕ ಯಾರೂ ಸಂಖ್ಯೆ ಬಾಯಿಬಿಡಬಾರದು. ಆಮೇಲೆ ಹಾಳೆಗಳನ್ನು ಪಕ್ಕಪಕ್ಕ ಇಟ್ಟೆವು. ಮೇಲಿನ ಒಬ್ಬಿಬ್ಬರ ಬಗ್ಗೆ, ತೀರಾ ಕೆಳಗಿನ ಒಬ್ಬನ ಬಗ್ಗೆ ಜಗಳವಿಲ್ಲ. ನಡುವಿನವರಲ್ಲಿ ಒಬ್ಬಳಿಗೆ ಒಂದು ಹಾಳೆಯಲ್ಲಿ 80ಕ್ಕೆ 58, ಇನ್ನೊಂದರಲ್ಲಿ 34. ಕೇಳಿದ ಮಾತು ಒಂದೇ, ಕೂತ ಬೆಂಚೂ ಒಂದೇ.

ಐವತ್ತೆಂಟು ಕೊಟ್ಟವರು: ‘ಸುತ್ತಿ ಬಳಸಿ ಹೇಳಿದಳು, ಆದರೆ ಎಲ್ಲೂ ಅಪಾಯದ ಮಾತು ಆಡಲಿಲ್ಲ.’ ಮೂವತ್ತನಾಲ್ಕು ಕೊಟ್ಟವರು: ‘ವರ್ಗೀಕರಣದಲ್ಲಿ ಆರಕ್ಕೆ ಮೂರು ಹೇಳಿದಳು. ಎಂ.ಡಿ. ಪದವಿಗೆ ಇದು ಸಾಕಾ?’ ಇವರಿಬ್ಬರೂ ಹನ್ನೆರಡು ವರ್ಷದಿಂದ ಪಕ್ಕಪಕ್ಕದ ಕೋಣೆಯಲ್ಲಿ ಕೂರುವವರು. ಒಬ್ಬರು ಅಳೆಯುತ್ತಿದ್ದದ್ದು ನಾಳೆ ರಾತ್ರಿ ವಾರ್ಡ್ ಬಿಟ್ಟುಕೊಡಬಹುದೇ ಎಂದು, ಇನ್ನೊಬ್ಬರು ಅಳೆಯುತ್ತಿದ್ದದ್ದು ನಾಳೆ ಪಾಠ ಮಾಡಬಲ್ಲಳೇ ಎಂದು. ಅಂದಿನ ತನಕ ಒಬ್ಬರದು ಇನ್ನೊಬ್ಬರಿಗೆ ತಿಳಿದಿರಲಿಲ್ಲ. ಅರ್ಧ ಗಂಟೆಗೆಂದು ಕೂತದ್ದು ಎರಡು ಗಂಟೆಯಾಯಿತು. ಕಾಫಿ ಎರಡು ಸಲ ತರಿಸಬೇಕಾಯಿತು. ‘ಗೊತ್ತಿಲ್ಲ ಸರ್’ ಬಗ್ಗೆ ಮತ ಹಾಕಿದೆವು, ಎರಡು–ಎರಡು ಆಯಿತು. ಎಲ್ಲ ಮೇಜಿಗೂ ಒಂದು ಬರೆದಿಟ್ಟ ಕೇಸು ಇರಬೇಕು ಎಂಬುದಕ್ಕೆ ಮೂವರು ಒಪ್ಪಿದರು.

ಪಿಜಿಗಳಿಗೆ ಅಂಕದ ಜೊತೆ ಕಾರಣವನ್ನೂ ಬರೆದುಕೊಟ್ಟೆವು. ಐವತ್ತೆಂಟೂ ಮೂವತ್ತನಾಲ್ಕೂ ಪಡೆದ ಹುಡುಗಿ ಬಂದು, ‘ಸರ್, ಎರಡೂ ಸರಿ ಇದೆ. ನಾನು ಯಾವುದಕ್ಕೆ ಓದಲಿ?’ ಎಂದು ಕೇಳಿದಳು. ಯುನಿವರ್ಸಿಟಿ ಎಕ್ಸಾಂಗೆ ಯಾರು ಬರುತ್ತಾರೆ ಎಂಬುದರ ಮೇಲೆ ಅಂದೆ. ಅದಕ್ಕಿಂತ ಸತ್ಯವಾದ ಉತ್ತರ ನನ್ನ ಹತ್ತಿರ ಇರಲಿಲ್ಲ.

*

ಮುಂದಿನ ಮಾಕ್‌ಗೆ ಮಾಡಬೇಕಾದದ್ದು: ಬರೆದಿಟ್ಟ ಕೇಸು ಆರು, ಅದರಲ್ಲಿ ಎರಡಾದರೂ ಎಮರ್ಜೆನ್ಸಿಯದು. ಲಾಂಗ್ ಕೇಸಿನ ಮಾತುಕತೆ ನೋಡಲು ಒಬ್ಬರು ಮೂಲೆಯಲ್ಲಿ ಕೂರಬೇಕು, ಬಾಯಿಬಿಡಬಾರದು. ರೋಗಿಯನ್ನೂ ಕೊನೆಗೆ ಎರಡು ಪ್ರಶ್ನೆ ಕೇಳಬೇಕು. ಎಚ್‌ಓಡಿ ಇದಕ್ಕೆ ‘ನೋಡೋಣ’ ಅಂದಿದ್ದಾರೆ. ಅಭ್ಯರ್ಥಿಗಳ ಸರದಿಯನ್ನು ಮಧ್ಯಾಹ್ನಕ್ಕೆ ತಿರುಗಿಸಬೇಕು. ಹಾಳೆಗಳನ್ನು ಎಸೆಯದೆ ಕಪಾಟಿನಲ್ಲಿಡಬೇಕು. ಬೀಗದ ಕೈ ಎರಡು ಮಾಡಿಸಬೇಕು.

ಹಿಂದಿನ ಸಲ ಕೂತಿದ್ದ ನಾಲ್ವರಲ್ಲಿ ಒಬ್ಬರು ಈ ಸಲ ಬರುವುದಿಲ್ಲ ಎಂದಿದ್ದಾರೆ. ‘ನಾನು ಕೊಟ್ಟ ಅಂಕ ಬೇರೆಯವರ ಪಕ್ಕ ಇಟ್ಟು ನೋಡೋಕೆ ನಾನೇನು ಪರೀಕ್ಷೆಗೆ ಕೂತಿದ್ದೀನಾ?’ ಹಿರಿಯರು, ಕೋಪದಲ್ಲಿ ಹೇಳಿದರು. ಆದರೆ ಪ್ರಶ್ನೆ ನ್ಯಾಯವಾದದ್ದೇ. ಪಟ್ಟಿಯಿಂದ ಅವರ ಹೆಸರು ಹೊಡೆದಿಲ್ಲ. ಪಕ್ಕದಲ್ಲಿ ಸೀಸದಕಡ್ಡಿಯಲ್ಲಿ ಇನ್ನೊಂದು ಹೆಸರು ಬರೆದುಕೊಂಡಿದ್ದೇನೆ, ಬೇಕಾದರೆ ಇರಲಿ ಎಂದು.